ವಾಕ್ಯಾರ್ಥಸಭೆಯೂ ವಿದ್ವತ್ಪತ್ರಿಕೆಯೂ

ಶೃಂಗೇರಿಯಲ್ಲಿ ಭಾದ್ರಪದ ಮಾಸದಲ್ಲಿ, ಗಣೇಶ ಚತುರ್ಥಿಯ ಕಾಲಕ್ಕೆ, ಮಹಾಗಣಪತಿ ವಾಕ್ಯಾರ್ಥ ವಿದ್ವತ್ಸಭೆ ನಡೆಯುವುದು ನಮ್ಮ ಸೀಮೆಯವರಿಗೆಲ್ಲ ತಿಳಿದ ಸಂಗತಿ. ನಾನಾ ಪ್ರಾಂತಗಳ ಪಂಡಿತರು ಜಗದ್ಗುರುಗಳ ಸನ್ನಿಧಿಯಲ್ಲಿ ಒಂದೊಂದು ಶಾಸ್ತ್ರವಿಷಯವನ್ನು ಎತ್ತಿಕೊಂಡು ಪ್ರತಿಪಾದಿಸುತ್ತಾರೆ; ಉಳಿದವರು ಆಕ್ಷೇಪವೆತ್ತುತ್ತಾರೆ. ಆಕ್ಷೇಪಕ್ಕೆ ಸಮಾಧಾನ ಹೇಳಲಾರದ ಪ್ರತಿಪಾದನೆ ಅಲ್ಲಿ ನಿಲ್ಲುವುದಿಲ್ಲ. ಧಾರ್ಮಿಕ ಶಿಕ್ಷಣವನ್ನು ಕುರಿತ ವಿದ್ವತ್ಪತ್ರಿಕೆಗೆ ಲೇಖನವನ್ನು ಕಳುಹಿಸುವ ಬಗೆಯನ್ನು ಬರೆಯಹೊರಟ ನಾನು ಈ ಸಭೆಯಿಂದ ಮೊದಲುಮಾಡಿದ್ದಕ್ಕೆ ಕಾರಣವುಂಟು. ಪತ್ರಿಕೆಯಲ್ಲಿ ನಡೆಯುವುದೂ ಇದೇ. ಅಲ್ಲಿ ಆಕ್ಷೇಪಿಸುವವರ ಮುಖ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಮೆಣಸೆಯಲ್ಲಿಯೇ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವಿದೆ. ಅಲ್ಲಿಯ ಶಾಸ್ತ್ರ ವಿದ್ಯಾರ್ಥಿಗಳಿಗೆ ವಾದದ ಈ ಕ್ರಮ ಪಾಠದೊಡನೆಯೇ ಬರುತ್ತದೆ. ಬಿ.ಎ. ಓದುವ ನಮಗೆ, ಅದರಲ್ಲಿಯೂ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ, ಸಂಶೋಧನ ಲೇಖನವೆಂದರೆ ದೊಡ್ಡವರ ಮನೆಯ ಜಗಲಿ. ಕರೆಯದೆ ಹತ್ತಲು ಅಂಜಿಕೆ. ಅಂಜಬೇಕಾದದ್ದಿಲ್ಲವೆಂದು ಈ ವರ್ಷದ ಓದಿನಿಂದ ನನಗೆ ತೋರಿದೆ.

ನಮ್ಮ ಶಾಸ್ತ್ರಕಾರರು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹೇಳಿದ್ದಾರೆ. ಇಂದಿನ ಪತ್ರಿಕೆಗಳು ಕೇಳುವ ಲೇಖನದ ಸ್ವರೂಪವೂ ಇದಕ್ಕಿಂತ ಬಹಳ ದೂರವಲ್ಲ. ನಾವು ವಿದ್ಯಾರ್ಥಿಗಳು ಸಾಮಾನ್ಯವಾಗಿ ವಿಷಯವನ್ನು ಹೇಳಿ ಒಂದೇ ನೆಗೆತಕ್ಕೆ ಸಿದ್ಧಾಂತಕ್ಕೆ ಹಾರುತ್ತೇವೆ. ಸಂಶಯವೂ ಪೂರ್ವಪಕ್ಷವೂ ಇಲ್ಲದ ಬರವಣಿಗೆ ಉಪನ್ಯಾಸವಾದೀತು, ಪ್ರಬಂಧವಾದೀತು, ಸಂಶೋಧನೆಯಾಗದು.

ಇದಕ್ಕೊಂದು ನಿದರ್ಶನವನ್ನು ನಮ್ಮ ನೆಲಕ್ಕೆ ಸಂಬಂಧಿಸಿದ ವಿಷಯದಿಂದಲೇ ಕೊಡಬಹುದು. ಮಂಡನಮಿಶ್ರರೇ ಶಂಕರಾಚಾರ್ಯರೊಡನೆ ವಾದದಲ್ಲಿ ಸೋತು ಸಂನ್ಯಾಸವನ್ನು ಸ್ವೀಕರಿಸಿ ಸುರೇಶ್ವರಾಚಾರ್ಯರೆಂದು ಶೃಂಗೇರಿಯ ಪೀಠವನ್ನು ಏರಿದರೆಂಬುದು ಪರಂಪರೆಯ ಮಾತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು 1923 ಮತ್ತು 1924ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಭೇದವನ್ನು ಪ್ರಶ್ನಿಸಿ ಬರೆದರು. ಚರ್ಚೆ ನಿಂತದ್ದು ಗ್ರಂಥಗಳ ಸಿದ್ಧಾಂತಗಳ ಮೇಲೆ. ಅವಿದ್ಯೆಗೆ ಆಶ್ರಯ ಜೀವನೆಂದು 'ಬ್ರಹ್ಮಸಿದ್ಧಿ'ಯ ಮಂಡನರು ಹೇಳಿದರೆ, ಬ್ರಹ್ಮವೇ ಆಶ್ರಯವೆಂದು 'ನೈಷ್ಕರ್ಮ್ಯಸಿದ್ಧಿ'ಯ ಸುರೇಶ್ವರರು ಹೇಳುತ್ತಾರೆ. ಮಹಾವಾಕ್ಯದಿಂದ ಹುಟ್ಟಿದ ಜ್ಞಾನದ ಮೇಲೆ ಧ್ಯಾನಾಭ್ಯಾಸವೂ ಬೇಕೆಂಬ ಮತವನ್ನು ಮಂಡನರು ಒಪ್ಪಿದರೆ, ಸುರೇಶ್ವರರು ಅದನ್ನು ಖಂಡಿಸುತ್ತಾರೆ. ಒಬ್ಬನೇ ಗ್ರಂಥಕರ್ತ ಹೀಗೆ ಎರಡು ಬಗೆಯಾಗಿ ಬರೆದಾನೆಯೆ ಎಂಬುದು ಸಂಶಯ. ಆಶ್ರಮದೊಡನೆ ಅಭಿಪ್ರಾಯವೂ ಬದಲಾಗಿರಬಹುದಲ್ಲವೆ ಎಂಬುದು ಪರಂಪರೆಯ ಪರವಾಗಿ ಎತ್ತಬಹುದಾದ ಪೂರ್ವಪಕ್ಷ. 'ಬ್ರಹ್ಮಸಿದ್ಧಿ' ಮದರಾಸಿನಲ್ಲಿ ಅಚ್ಚಾದದ್ದು 1937ರಲ್ಲಿ. ಅದರ ಸಂಪಾದಕರಾದ ಎಸ್. ಕುಪ್ಪುಸ್ವಾಮಿ ಶಾಸ್ತ್ರಿಗಳು ಪೀಠಿಕೆಯಲ್ಲಿ ಇಬ್ಬರೂ ಬೇರೆಯೆಂಬ ಪಕ್ಷವನ್ನೇ ವಿಸ್ತಾರವಾಗಿ ಸಮರ್ಥಿಸಿದರು.

ಮಂಡನರ ಕಥೆಯನ್ನು ನಾನು ಬಾಲ್ಯದಿಂದ ಕೇಳಿಕೊಂಡು ಬೆಳೆದವನು. ಅದು ಈಗಲೂ ನನಗೆ ಪ್ರಿಯವೇ. ಆದರೆ ಲೇಖನದಲ್ಲಿ 'ಪರಂಪರೆ ಹೀಗೆ ಹೇಳುತ್ತದೆ' ಎಂದು ಬರೆಯಬಹುದೇ ಹೊರತು 'ಹೀಗೆಯೇ ನಡೆಯಿತು' ಎಂದು ಬರೆಯಲಾಗದು. ಈ ಎರಡು ವಾಕ್ಯಗಳ ನಡುವಣ ಅಂತರವನ್ನು ಉಳಿಸಿಕೊಂಡವನು ಮನೆಯವರ ಭಕ್ತಿಗೆ ಎರವಾಗುವುದಿಲ್ಲ, ಪರೀಕ್ಷಕರ ಆಕ್ಷೇಪಕ್ಕೂ ಗುರಿಯಾಗುವುದಿಲ್ಲ.

ಧಾರ್ಮಿಕ ಶಿಕ್ಷಣದ ವಿಚಾರದಲ್ಲಿ ಈ ಎಚ್ಚರ ಇಮ್ಮಡಿಯಾಗಿ ಬೇಕು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಮತಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಮತವನ್ನು ಬೋಧಿಸುವುದು ಬೇರೆ, ಮತಗಳನ್ನು ಕುರಿತು ತಿಳಿಸುವುದು ಬೇರೆ ಎಂಬ ವಿವೇಚನೆಯನ್ನು 1964-66ರ ಕೊಠಾರಿ ಆಯೋಗ ಮಾಡಿತು. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮತಗಳ ಅಧ್ಯಯನಕ್ಕೆ ಈ ವಿಧಿ ಅಡ್ಡಿಯಲ್ಲವೆಂದಿತು. ಲೇಖಕನು ತಾನು ಯಾವುದನ್ನು ಮಾಡುತ್ತಿದ್ದಾನೆಂಬುದನ್ನು ಮೊದಲ ಪುಟದಲ್ಲಿಯೇ ಸ್ಪಷ್ಟಪಡಿಸಬೇಕು. ವಸ್ತುವಿಗಂತೂ ಬರವಿಲ್ಲ. ಶೃಂಗೇರಿಯ ವೇದಪಾಠ, ನರಸಿಂಹರಾಜಪುರದ ಸಿಂಹನಗದ್ದೆಯ ಜೈನ ಬಸದಿ, ನಮ್ಮ ಮೂರು ತಾಲ್ಲೂಕುಗಳ ಮಸೀದಿ ಇಗರ್ಜಿಗಳು: ಇಲ್ಲೆಲ್ಲ ಮಕ್ಕಳು ಏನನ್ನು, ಯಾವ ಭಾಷೆಯಲ್ಲಿ, ಬಾಯಿಪಾಠದಿಂದಲೋ ಅರ್ಥದಿಂದಲೋ ಕಲಿಯುತ್ತಾರೆಂಬುದನ್ನು ಹೋಗಿ ನೋಡಿ ಬರೆಯಬಹುದು. ಮಕ್ಕಳನ್ನು ಮಾತನಾಡಿಸುವ ಮುನ್ನ ಗುರುಗಳ ಮತ್ತು ತಂದೆತಾಯಿಗಳ ಒಪ್ಪಿಗೆ ಪಡೆಯತಕ್ಕದ್ದು.

ಇನ್ನು ಕಳುಹಿಸುವ ಕ್ರಮ. ಈ ವಿಷಯಕ್ಕೆ ಮೀಸಲಾದ ಹಳೆಯ ಪತ್ರಿಕೆಗಳಲ್ಲಿ ಅಮೆರಿಕೆಯ 'ರಿಲಿಜಸ್ ಎಜುಕೇಷನ್' 1906ರಲ್ಲಿ ಹುಟ್ಟಿತು. ಇಂಗ್ಲೆಂಡಿನಲ್ಲಿ 1961ರಲ್ಲಿ 'ಲರ್ನಿಂಗ್ ಫಾರ್ ಲಿವಿಂಗ್' ಎಂದು ಆರಂಭವಾದದ್ದು 1978ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ರಿಲಿಜಸ್ ಎಜುಕೇಷನ್' ಆಯಿತು. ಕನ್ನಡದಲ್ಲಿ ಬರೆಯುವವರು 'ಪ್ರಬುದ್ಧ ಕರ್ಣಾಟಕ'ದ ಹಳೆಯ ಸಂಚಿಕೆಗಳನ್ನು ಮಾದರಿಗಾಗಿ ನೋಡಬೇಕು. 1919ರಲ್ಲಿ ಅದನ್ನು ಆರಂಭಿಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವೆಂಬುದನ್ನು ನಮ್ಮ ಕಾಲೇಜಿನ ಸಂಘದವರು ಗಮನಿಸಲಿ! ಯಾವ ಪತ್ರಿಕೆಯಾದರೂ ಮೊದಲು ಅದರ ಇತ್ತೀಚಿನ ಸಂಚಿಕೆಗಳನ್ನು ಓದಿ, ಲೇಖಕರಿಗೆ ಕೊಟ್ಟಿರುವ ಸೂಚನೆಗಳಂತೆ ಪದಮಿತಿ, ಸಾರಾಂಶ, ಅಡಿಟಿಪ್ಪಣಿಗಳನ್ನು ಹೊಂದಿಸಬೇಕು. ಪರೀಕ್ಷಕರಿಗೆ ಹೋಗುವ ಪ್ರತಿಯಲ್ಲಿ ಲೇಖಕನ ಹೆಸರಿರಬಾರದೆಂಬ ನಿಯಮ ಬಹಳ ಕಡೆ ಉಂಟು. ಇದು ನಮ್ಮಂಥವರಿಗೆ ದೊಡ್ಡ ಉಪಕಾರ. ಬರೆದವನು ಪ್ರಾಧ್ಯಾಪಕನೋ ಅಡಕೆ ಕೊನೆ ಹೊರುವವನ ಮಗನೋ ಪರೀಕ್ಷಕನಿಗೆ ತಿಳಿಯದು. ಒಂದು ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಕೂಡದು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಮೂರೇ ದಿನಗಳಲ್ಲಿ ಅಚ್ಚುಹಾಕುತ್ತೇವೆ, ಹಣ ಕಳುಹಿಸಿರೆಂದು ತಾವಾಗಿಯೇ ಬರೆಯುವವರು ಈಗ ಹಲವರಿದ್ದಾರೆ. ನನ್ನ ಸಹಪಾಠಿಯೊಬ್ಬನಿಗೆ ಬಂದ ಅಂಥ ಕಾಗದದಲ್ಲಿ ಕೇಳಿದ್ದ ಮೊಬಲಗು ಅವನ ತಾಯಿ ಅಡಕೆ ಸುಲಿದು ವಾರವಿಡೀ ಗಳಿಸುವ ಕೂಲಿಗಿಂತ ಹೆಚ್ಚಿತ್ತು. ಆಕ್ಷೇಪವೆತ್ತುವ ಒಬ್ಬ ಪಂಡಿತನೂ ಇಲ್ಲದ ಸಭೆಗೆ ಪ್ರವೇಶಧನವೇಕೆ? ಒಳ್ಳೆಯ ಪತ್ರಿಕೆಗಳಲ್ಲಿಯೂ ಕೆಲವು ಶುಲ್ಕ ಕೇಳುವುದುಂಟು. ಆದರೆ ಪರೀಕ್ಷೆಯಿಲ್ಲದೆ ಒಪ್ಪುವುದಿಲ್ಲ. 2019ರಿಂದ ಜಾರಿಯಲ್ಲಿದ್ದ 'ಕೇರ್' ಎಂಬ ಪತ್ರಿಕೆಗಳ ಪಟ್ಟಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2025ರಲ್ಲಿ ನಿಲ್ಲಿಸಿರುವುದರಿಂದ, ಪತ್ರಿಕೆಯ ಯೋಗ್ಯತೆಯನ್ನು ಅಧ್ಯಾಪಕರನ್ನು ಕೇಳಿ ನಾವೇ ನಿರ್ಣಯಿಸಬೇಕಾಗಿದೆ.

ಪರೀಕ್ಷಕರ ಅಭಿಪ್ರಾಯ ಬಂದಾಗ ಒಂದೊಂದು ಆಕ್ಷೇಪಕ್ಕೂ ಪ್ರತ್ಯೇಕವಾಗಿ ಉತ್ತರ ಬರೆಯಬೇಕು. ಒಪ್ಪಿದ್ದನ್ನು ಎಲ್ಲಿ ತಿದ್ದಿದೆನೆಂದು ಪುಟ ತೋರಿಸಿ ಹೇಳಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು. ತಿರಸ್ಕೃತವಾದರೆ ಆ ಆಕ್ಷೇಪಗಳನ್ನೇ ಪೂರ್ವಪಕ್ಷವಾಗಿ ಸೇರಿಸಿಕೊಂಡು ತಿದ್ದಿ ಇನ್ನೊಂದು ಪತ್ರಿಕೆಗೆ ಕಳುಹಿಸುವುದು.