ವಾಣಿಜ್ಯ ಪದವೀಧರರ ಉದ್ಯೋಗ: ಕಾಲೇಜಿಗೂ ಅಂಗಡಿಗೂ ನಡುವಿನ ಅಂತರ

ನಮ್ಮ ಸದಸ್ಯರು ನಾಲ್ವರು ಸೇರಿದಲ್ಲಿ ಕೇಳಿಬರುವ ದೂರು ಒಂದೇ: ಲೆಕ್ಕ ಬರೆಯಲು ತಕ್ಕ ಹುಡುಗರು ದೊರೆಯುತ್ತಿಲ್ಲ. ಅದೇ ಊರಿನ ಬಿ.ಕಾಂ. ಪದವೀಧರರ ಮನೆಗಳಲ್ಲಿ ಕೇಳಿಬರುವ ದೂರೂ ಒಂದೇ: ಕೆಲಸ ದೊರೆಯುತ್ತಿಲ್ಲ. ಎರಡೂ ಬದಿಯಲ್ಲಿ ಬಾಕಿ ನಿಂತಿದ್ದರೂ ತಾಳೆಯಾಗದ ಈ ಲೆಕ್ಕವನ್ನು ಒಮ್ಮೆ ಕುಳಿತು ನೋಡುವುದು ಅಗತ್ಯವಾಗಿದೆ.

ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ಪೈಪು ಮತ್ತು ನಲ್ಲಿ ಸಾಮಗ್ರಿಗಳ ಸಗಟು ವ್ಯಾಪಾರಿಯೊಬ್ಬರ 2022-23ನೆಯ ಸಾಲಿನ ಜಿ.ಎಸ್.ಟಿ. ವಾರ್ಷಿಕ ವಿವರಣೆಯನ್ನು 2023ರ ಡಿಸೆಂಬರಿನಲ್ಲಿ ಸಿದ್ಧಪಡಿಸುತ್ತಿದ್ದೆ. ಸರಬರಾಜುದಾರರೊಬ್ಬರು ಕೊಟ್ಟ ಹಲವು ಬಿಲ್ಲುಗಳು ಜಿ.ಎಸ್.ಟಿ.ಆರ್-2ಬಿ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಬಿಲ್ಲುಗಳ ಮೇಲಿನ ಇನ್‌ಪುಟ್ ತೆರಿಗೆಯನ್ನು ಮಾತ್ರ ತಿಂಗಳು ತಿಂಗಳೂ ಪಡೆದುಕೊಳ್ಳಲಾಗಿತ್ತು. ಸರಬರಾಜುದಾರರಿಂದ ತಪ್ಪನ್ನು ಸರಿಪಡಿಸಿಕೊಳ್ಳುವ ಕೊನೆಯ ದಿನ ನವೆಂಬರ್ 30 ಕಳೆದುಹೋಗಿತ್ತು. 1,86,000 ರೂಪಾಯಿಗಳನ್ನು ಬಡ್ಡಿಸಹಿತ ಮರಳಿಸಬೇಕಾಯಿತು. ಸೆಪ್ಟೆಂಬರಿನಲ್ಲಿ ಲೆಕ್ಕ ಪರಿಶೋಧನೆ ನಡೆಸಿದಾಗ ನಾನೂ ಇದನ್ನು ಗಮನಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಮಾಲೀಕರ ಸಿಟ್ಟು ಲೆಕ್ಕ ಬರೆಯುವ ಹುಡುಗನ ಮೇಲೆ ತಿರುಗಿತು. ಆತ ಪ್ರಥಮ ದರ್ಜೆಯಲ್ಲಿ ಪದವಿ ಪಡೆದವನು. "ಕಾಲೇಜಿನಲ್ಲಿ ಏನು ಕಲಿತೆಯಪ್ಪಾ?" ಎಂದು ಅವರು ಕೇಳಿದಾಗ ಆತ ಕೊಟ್ಟ ಉತ್ತರ ಇಂದಿಗೂ ನನ್ನ ನೆನಪಿನಲ್ಲಿದೆ: "ಕಲಂ 16ರ ಷರತ್ತುಗಳನ್ನು ಬರೆಯಲು ಕಲಿತಿದ್ದೆ ಸರ್, 2ಬಿ ಹೇಗಿರುತ್ತದೆಂದು ಯಾರೂ ತೋರಿಸಿರಲಿಲ್ಲ." ಮಾಲೀಕರು ತೋರಿಸಿರಲಿಲ್ಲ, ನಾನೂ ತೋರಿಸಿರಲಿಲ್ಲ. ಮರುತಿಂಗಳು ಆತನ ಕೆಲಸ ಹೋಯಿತು.

ನಮ್ಮ ವಾಣಿಜ್ಯ ಕಾಲೇಜುಗಳಲ್ಲಿ ಪಠ್ಯಕ್ರಮ ಬದಲಾಗದೆ ನಿಂತಿಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ವ್ಯವಸ್ಥೆ ಬಂತು. 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಕೊರತೆ ಇರುವುದು ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದು ಮಾಡುವ ಅಭ್ಯಾಸದಲ್ಲಿ. ಟ್ಯಾಲಿ ತಂತ್ರಾಂಶದ ಉದಾಹರಣೆಯನ್ನೇ ನೋಡಿ. ಪರವಾನಗಿ ಇಲ್ಲದೆ ಬಳಸುವ ಅದರ ಶೈಕ್ಷಣಿಕ ಆವೃತ್ತಿಯಲ್ಲಿ ತಿಂಗಳ ಆರಂಭದ ಒಂದೆರಡು ದಿನ ಮತ್ತು ಕೊನೆಯ ದಿನಾಂಕಕ್ಕೆ ಮಾತ್ರ ನಮೂದು ಮಾಡಲು ಸಾಧ್ಯ. ಇದರಲ್ಲಿ ಕಲಿತ ವಿದ್ಯಾರ್ಥಿಗೆ ಗುಂಡಿಗಳ ಪರಿಚಯವಾಗುತ್ತದೆ. ಆದರೆ ಸೋಮವಾರ ಕೊಟ್ಟ ಚೆಕ್ಕು ಗುರುವಾರ ಜಮೆಯಾಗುವುದು, ನಡುವೆ ಮಾಲು ವಾಪಸು ಬರುವುದು, ಅರ್ಧ ಹಣ ನಗದಾಗಿ ಅರ್ಧ ಹಣ ಯು.ಪಿ.ಐ. ಮೂಲಕ ಬರುವುದು, ಇಂತಹ ದಿನನಿತ್ಯದ ಗತಿ ಅವನ ಅನುಭವಕ್ಕೆ ಬರುವುದೇ ಇಲ್ಲ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಒಬ್ಬ ವ್ಯಾಪಾರಿಯ ಒಂದು ವರ್ಷದ ಬಿಲ್ಲು, ವೋಚರು, ಬ್ಯಾಂಕ್ ಪಾಸ್‌ಬುಕ್ಕು ಮತ್ತು 2ಬಿ ಪಟ್ಟಿಗಳನ್ನು, ಹೆಸರು ಹಾಗೂ ನೋಂದಣಿ ಸಂಖ್ಯೆಗಳನ್ನು ಅಳಿಸಿ, ಕಾಲೇಜಿಗೆ ಕೊಟ್ಟರೆ ಸಾಕು. ಅಂತಿಮ ವರ್ಷದ ವಿದ್ಯಾರ್ಥಿ ಅದರಿಂದ ನಗದು ಪುಸ್ತಕ ಬರೆಯಲಿ, ಬ್ಯಾಂಕ್ ಹೊಂದಾಣಿಕೆ ಪಟ್ಟಿ ಮಾಡಲಿ, ಖರೀದಿ ವಹಿಯನ್ನು 2ಬಿಯೊಂದಿಗೆ ತಾಳೆ ನೋಡಲಿ, ಬಾಕಿದಾರರಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಪತ್ರ ಬರೆಯಲಿ. ಕಟ್ಟಿನೊಳಗೆ ಒಂದೆರಡು ತಪ್ಪು ಬಿಲ್ಲುಗಳನ್ನು ಬೇಕೆಂದೇ ಸೇರಿಸಿಡಬೇಕು. ಅವುಗಳನ್ನು ಹುಡುಕಿ ತೆಗೆಯುವವನೇ ನಮಗೆ ಬೇಕಾದವನು.

ಎರಡನೆಯ ಅಡ್ಡಿಯನ್ನು ಕುರಿತು ಕಾಲೇಜುಗಳು ಯೋಚಿಸಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಹತ್ತು ಜನರಿಗಿಂತ ಕಡಿಮೆ ನೌಕರರಿರುವ ಅಂಗಡಿ, ಕಾರ್ಖಾನೆಗಳಲ್ಲಿ ನೇಮಕಾತಿ ನಡೆಯುವುದು ಪರಿಚಯದ ಮೇಲೆ. ಗಲ್ಲಾಪೆಟ್ಟಿಗೆ, ಚೆಕ್ಕುಬುಕ್ಕು, ಗಿರಾಕಿಗಳ ಬಾಕಿ ಪಟ್ಟಿ ಇವನ್ನೆಲ್ಲ ಅಪರಿಚಿತನ ಕೈಗೆ ಕೊಡಲು ಯಾರೂ ಒಪ್ಪುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುವ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಹುಡುಗಿಗೆ ಪೇಟೆಯಲ್ಲಿ ಪರಿಚಯದವರು ಯಾರಿರುತ್ತಾರೆ? ಆ ಪರಿಚಯವನ್ನು ಕಾಲೇಜೇ ಒದಗಿಸಬೇಕು. ಎಲ್ಲರಿಗೂ ಒಂದೇ ಒಕ್ಕಣೆಯಲ್ಲಿ ಮುದ್ರಿಸಿಕೊಡುವ ನಡತೆ ಪ್ರಮಾಣಪತ್ರಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. "ಈಕೆ ಮೂರು ವರ್ಷ ನಮ್ಮ ಸಹಕಾರ ಭಂಡಾರದ ನಗದು ನೋಡಿಕೊಂಡಿದ್ದಾಳೆ, ಒಮ್ಮೆಯೂ ವ್ಯತ್ಯಾಸ ಬಂದಿಲ್ಲ" ಎಂದು ಉಪನ್ಯಾಸಕರೊಬ್ಬರು ಸಹಿ ಹಾಕಿ ಕೊಟ್ಟರೆ ನಾನು ಆ ಪತ್ರವನ್ನು ಅಂಕಪಟ್ಟಿಗಿಂತ ಮೊದಲು ಓದುತ್ತೇನೆ.

ಉದ್ಯೋಗ ಘಟಕಗಳೆಂಬುವು ಬಹುತೇಕ ಕಾಲೇಜುಗಳಲ್ಲಿ ಇವೆ. ಆದರೆ ಅವು ಬೆಂಗಳೂರಿನ ಕಂಪನಿಗಳ ಹಾದಿ ಕಾಯುತ್ತವೆ. ಎದುರಿನ ರಸ್ತೆಯ ಅಂಗಡಿಗೆ ಹೋಗಿ ಕೇಳುವುದಿಲ್ಲ. ಇಂಗ್ಲಿಷ್ ಸಂಭಾಷಣೆಯ ತರಗತಿಗಳಿಗೆ ಕೊಡುವ ಮಹತ್ವವೂ ನನ್ನ ದೃಷ್ಟಿಯಲ್ಲಿ ಅಗತ್ಯಕ್ಕಿಂತ ಹೆಚ್ಚು. ಎ.ಪಿ.ಎಂ.ಸಿ. ಪ್ರಾಂಗಣದ ದಲಾಲಿ ಅಂಗಡಿಯಲ್ಲಿ ರೈತರೊಡನೆ ಮಾತನಾಡಬೇಕಾದುದು ಕನ್ನಡದಲ್ಲಿಯೇ.

ಇನ್ನು ಸದಸ್ಯರ ಪಾಲಿನ ಕೆಲಸ. ಅನುಭವವಿಲ್ಲದವರು ಬೇಡ ಎಂದು ಎಲ್ಲರೂ ಹೇಳಿದರೆ ಅನುಭವ ಎಲ್ಲಿಂದ ಬರಬೇಕು? ಇದಕ್ಕೆ ಕಾನೂನಿನಲ್ಲಿಯೇ ಒಂದು ದಾರಿ ಇದೆ. 1961ರ ಶಿಶಿಕ್ಷು ಕಾಯಿದೆ, ಅಂದರೆ ಅಪ್ರೆಂಟಿಸ್ ಕಾಯಿದೆ, ಐ.ಟಿ.ಐ. ಹುಡುಗರಿಗೆ ಮಾತ್ರ ಎಂಬ ಭಾವನೆ ಇನ್ನೂ ಇದೆ. 2014ರ ತಿದ್ದುಪಡಿಯಿಂದ ತಾಂತ್ರಿಕೇತರ ಪದವೀಧರರೂ ಅದರ ವ್ಯಾಪ್ತಿಗೆ ಬಂದಿದ್ದಾರೆ. 2019ರ ನಿಯಮಗಳ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು, ಗುತ್ತಿಗೆಯವರನ್ನೂ ಸೇರಿಸಿ, ಒಟ್ಟು ಸಂಖ್ಯೆಯ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವಲ್ಲಿ ಅದು ಐಚ್ಛಿಕ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರೇ.

ಖರ್ಚಿನ ಲೆಕ್ಕ ಹೀಗಿದೆ. 2019ರ ನಿಯಮಗಳು ಪದವೀಧರ ಶಿಶಿಕ್ಷುವಿಗೆ ಗೊತ್ತುಪಡಿಸಿದ ಕನಿಷ್ಠ ಭತ್ಯೆ ತಿಂಗಳಿಗೆ 9,000 ರೂ. ಆ ದರದಲ್ಲಿ ವರ್ಷಕ್ಕೆ 1,08,000 ರೂ. ಆಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ನೋಂದಾಯಿಸಿದಲ್ಲಿ ಕನಿಷ್ಠ ಭತ್ಯೆಯ ಅರ್ಧ ಭಾಗವನ್ನು ಸರ್ಕಾರ ಭರಿಸುತ್ತದೆ. ಮಾಲೀಕರ ಪಾಲು 54,000 ರೂ. ಭತ್ಯೆಯ ದರ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಒಪ್ಪಂದಕ್ಕೆ ಮುನ್ನ ಯೋಜನೆಯ ಪೋರ್ಟಲಿನಲ್ಲಿ ನೋಡಿಕೊಳ್ಳತಕ್ಕದ್ದು. ಮೇಲಿನ 1,86,000 ರೂಪಾಯಿಯ ಪಕ್ಕದಲ್ಲಿ ಈ ಮೊತ್ತವನ್ನು ಇಟ್ಟು ನೋಡಿ.

ಶಿಶಿಕ್ಷು ತರಬೇತಿಯಲ್ಲಿರುವವನೇ ಹೊರತು ಕಾರ್ಮಿಕನಲ್ಲ ಎಂದು ಕಾಯಿದೆಯ ಕಲಂ 18 ಹೇಳುತ್ತದೆ. ಅವಧಿ ಮುಗಿದ ಮೇಲೆ, ಒಪ್ಪಂದದಲ್ಲಿ ಹಾಗೆಂದು ಬರೆದಿರದಿದ್ದರೆ, ನೌಕರಿ ಕೊಡಲೇಬೇಕೆಂಬ ಬಂಧನವಿಲ್ಲ. ಕೆಲಸದ ವೇಳೆ ಅಪಘಾತವಾದರೆ ಮಾತ್ರ ಪರಿಹಾರದ ಹೊಣೆ ಮಾಲೀಕರದೇ. ಈ ಸಡಿಲಿಕೆಗಳನ್ನು ದುರುಪಯೋಗಪಡಿಸಿಕೊಳ್ಳುವವರೂ ಇದ್ದಾರೆ: ವರ್ಷಕ್ಕೊಬ್ಬ ಹುಡುಗನನ್ನು ತಂದು, ಚಹಾ ತರಿಸಿ, ಕೊರಿಯರ್ ಕೊಡಿಸಿ, ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು. ಅಂಥವರ ಬಳಿಗೆ ಎರಡನೆಯ ವರ್ಷ ವಿದ್ಯಾರ್ಥಿಗಳನ್ನು ಕಳುಹಿಸದಿರುವ ಧೈರ್ಯವನ್ನು ಕಾಲೇಜು ತೋರಬೇಕು. ಪ್ರತಿ ತಿಂಗಳು ಉಪನ್ಯಾಸಕರೊಬ್ಬರು ಅಂಗಡಿಗೆ ಬಂದು ಹುಡುಗನ ಕೈಬರಹದ ಕೆಲಸವನ್ನು ಅರ್ಧ ಗಂಟೆ ನೋಡಿಹೋದರೆ ಸಾಕಾಗುತ್ತದೆ.

ಯುಜಿಸಿ 2020ರಲ್ಲಿ ಶಿಶಿಕ್ಷು ತರಬೇತಿಯನ್ನು ಪದವಿಯೊಳಗೇ ಅಳವಡಿಸುವ ಮಾರ್ಗಸೂಚಿ ಹೊರಡಿಸಿದೆ. ಕಾಲೇಜು ಅದಕ್ಕೆ ಮುಂದಾಗುವವರೆಗೆ ಕಾಯಬೇಕಿಲ್ಲ. ಬೆಳಗಿನ ತರಗತಿಗಳ ನಂತರ ಮಧ್ಯಾಹ್ನ ಮೂರು ಗಂಟೆ ಅಂಗಡಿಯಲ್ಲಿ ಕೂರಲು ಅನುಮತಿ ಕೊಟ್ಟರೂ ಆದೀತು. ಹುಡುಗಿಯರ ವಿಷಯದಲ್ಲಿ ಕೊನೆಯ ಬಸ್ಸಿನ ವೇಳೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಎಂಟು ಗಂಟೆಗೆ ಬಾಗಿಲು ಹಾಕುವ ಅಂಗಡಿಗೆ ಆರೂವರೆಯ ಬಸ್ಸು ಹಿಡಿಯಬೇಕಾದವಳು ಸೇರುವುದಿಲ್ಲ. ಅದನ್ನು ನಾವು "ಆಸಕ್ತಿ ಇಲ್ಲ" ಎಂದು ಬರೆದುಕೊಳ್ಳುತ್ತೇವೆ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇದೆಯೇ ಎಂಬುದನ್ನು ಕಾಲೇಜು ಪ್ರವೇಶದ ವರ್ಷದಲ್ಲಿಯೇ ಪರಿಶೀಲಿಸಿದರೆ ಮುಂದೆ ನೋಂದಣಿ, ಭತ್ಯೆಗಳ ವೇಳೆ ಪರದಾಟ ತಪ್ಪುತ್ತದೆ.

ನನ್ನ ಕಚೇರಿಯಿಂದ ಹೆಸರು ಅಳಿಸಿದ ಎರಡು ವರ್ಷಗಳ ಕಾಗದಪತ್ರಗಳ ಕಟ್ಟನ್ನು, ಸಂಬಂಧಪಟ್ಟ ಕಕ್ಷಿದಾರರ ಲಿಖಿತ ಒಪ್ಪಿಗೆ ಪಡೆದು, ಸಿದ್ಧಪಡಿಸಿದ್ದೇನೆ. ಒಂದು ಕಿರಾಣಿ ಸಗಟು ವ್ಯಾಪಾರದ್ದು, ಇನ್ನೊಂದು ಸಣ್ಣ ಎಂಜಿನಿಯರಿಂಗ್ ಘಟಕದ್ದು. ದಲಾಲಿ ಅಂಗಡಿಯ ಕಟ್ಟು ಇನ್ನೂ ಬೇಕಾಗಿದೆ. ಕೊಡಲು ಮನಸ್ಸಿರುವ ಸದಸ್ಯರು ಸಂಸ್ಥೆಯ ಕಾರ್ಯಾಲಯಕ್ಕೆ ತಿಳಿಸಬೇಕೆಂದು ಕೋರುತ್ತೇನೆ.