ಮಗುವಿನ ಮುಖ ತಿದ್ದುವ ಮುನ್ನ

ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ, ಬೀದರ-ಕಲಬುರಗಿ ಕಡೆಯಿಂದ ಬಂದು ನೆಲೆಸಿದ ನಮ್ಮಂಥವರ ಮನೆಗಳಿವೆ. ನನ್ನ ಸ್ಟುಡಿಯೋಕ್ಕೆ ಅವರೂ ಬರುತ್ತಾರೆ, ತೆಲುಗರೂ ದಖನಿ ಉರ್ದು ಮಾತಾಡುವವರೂ ಬರುತ್ತಾರೆ. ತೊಟ್ಟಿಲು, ಅನ್ನಪ್ರಾಶನ, ಮೊದಲ ಹುಟ್ಟುಹಬ್ಬ, ಅಕ್ಷರಾಭ್ಯಾಸ, ಕೃಷ್ಣಾಷ್ಟಮಿಯ ಕೃಷ್ಣವೇಷ, ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನವಾದಾಗ ಮಾಡುವ ಬಿಸ್ಮಿಲ್ಲಾ, ಹೀಗೆ ವರ್ಷವಿಡೀ ಮಕ್ಕಳದೇ ಕೆಲಸ. ಫೋಟೋ ತೆಗೆಯುವುದು ಅದರಲ್ಲಿ ಅರ್ಧ. ಕಂಪ್ಯೂಟರಿನ ಮುಂದೆ ಕೂತು ತಿದ್ದುವುದು ಇನ್ನರ್ಧ, ಮತ್ತು ನಾನು ಹೆಚ್ಚು ಎಡವಿದ್ದು ಅಲ್ಲೇ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಉಪಯೋಗವಾದೀತೆಂದು ಬರೆದಿಡುತ್ತಿದ್ದೇನೆ.

1. ದೃಷ್ಟಿಬೊಟ್ಟು ಕಲೆಯಲ್ಲ

ಫೋಟೋಶಾಪಿನ ಹೀಲಿಂಗ್ ಬ್ರಷ್ ಕೈಗೆ ಹತ್ತಿದ ಹೊಸದರಲ್ಲಿ ಮುಖದ ಮೇಲೆ ಕಂಡದ್ದನ್ನೆಲ್ಲ ಅಳಿಸುತ್ತಿದ್ದೆ. ಸೊಳ್ಳೆ ಕಚ್ಚಿದ ಗುರುತು, ಬೆವರುಸಾಲೆ, ಬಾಯಂಚಿನ ಜೊಲ್ಲು, ಮೂಗಿನ ಕೆಳಗೆ ಒಣಗಿದ ಸಿಂಬಳ. ಒಂದು ಹೆಣ್ಣುಮಗುವಿನ ಕೆನ್ನೆಯ ಮೇಲಿದ್ದ ಕಾಡಿಗೆ ಬೊಟ್ಟೂ ಅದೇ ಓಟದಲ್ಲಿ ಹೋಯಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಟ್ಟೆ. ಮಗುವಿನ ಅಜ್ಜಿ ಅದನ್ನು ಹತ್ತಿರ ಹಿಡಿದು ನೋಡಿ, "ಬೊಟ್ಟು ಎಲ್ಲಿ ಹೋತಪ್ಪಾ? ನಾನೇ ಇಟ್ಟಿದ್ದೆ" ಅಂದರು. ಬೈಯಲಿಲ್ಲ. ಆದರೆ ಬಂದುಹೋಗುವವರೆಲ್ಲ ನೋಡುವ ಗೋಡೆಗೆ ಮಗುವನ್ನು ಬೊಟ್ಟಿಲ್ಲದೆ ಹಾಕಲು ಅವರಿಗೆ ಮನಸ್ಸಿರಲಿಲ್ಲ. ಮತ್ತೊಂದು ಪ್ರಿಂಟ್ ಹಾಕಿಸಿ ಕೊಟ್ಟೆ.

ಅಂದಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಗೀರು, ಗುಳ್ಳೆ, ಬೆವರುಸಾಲೆ ವಾರದೊಳಗೆ ತಾವಾಗಿಯೇ ಹೋಗುವಂಥವು, ಅವನ್ನು ಅಳಿಸಬಹುದು. ಹುಟ್ಟುಮಚ್ಚೆ, ಬಿದ್ದು ಹೊಲಿಗೆ ಹಾಕಿಸಿಕೊಂಡ ಗಾಯದ ಗುರುತು ಮಗುವಿನವು, ಮನೆಯವರನ್ನು ಕೇಳದೆ ಮುಟ್ಟುವಂತಿಲ್ಲ. ಬೊಟ್ಟು, ತಾಯಿತ, ಉಡಿದಾರ, ಮುಂಗೈಯ ಕರಿಮಣಿಗಳ ಲೆಕ್ಕವೇ ಬೇರೆ. ಬೊಟ್ಟು ಸಂಜೆಯ ಎರೆಯುವ ಹೊತ್ತಿಗೆ ಹೋಗಿಬಿಡುತ್ತದೆ ನಿಜ, ಆದರೆ ಅದನ್ನು ಒಬ್ಬರು ಕೈಯಾರೆ ಇಟ್ಟಿರುತ್ತಾರೆ.

2. "ಬೆಳ್ಳಗೆ ಮಾಡಿ" ಅಂದರೆ ಮೊದಲು ಲೈಟ್ ನೋಡಿಕೊಳ್ಳಬೇಕು

"ಕೊಂಚೆಂ ತೆಲ್ಲಗಾ ಚೆಯ್ಯಂಡಿ", "ಜರಾ ಗೋರಾ ಕರೋ ಭಾಯ್", "ಸ್ವಲ್ಪ ಬೆಳ್ಳಗ ಮಾಡ್ರಿ ಅಣ್ಣಾ." ಈ ಮಾತನ್ನು ಮೂರು ಭಾಷೆಗಳಲ್ಲಿ ಕೇಳುತ್ತೇನೆ. ಬಹಳ ಕಾಲ ಎದುರು ಮಾತಾಡದೆ ಮಾಡಿಕೊಟ್ಟೆ. ಗಿರಾಕಿ ಕೇಳಿದ್ದು ಕೊಡುವುದೇ ವ್ಯಾಪಾರ ಅಂದುಕೊಂಡಿದ್ದೆ.

ಒಮ್ಮೆ ಅಕ್ಕ-ತಂಗಿಯರ ಫೋಟೋ. ತಂಗಿಯ ಬಣ್ಣಕ್ಕೆ ಅಕ್ಕನದನ್ನೂ ಹೊಂದಿಸಿ ಎಂದು ಮನೆಯವರು ಹೇಳಿದರು. ಏಳೆಂಟು ವರ್ಷದ ಆ ಅಕ್ಕ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ಸ್ಕ್ರೀನಿನ ಮೇಲೆ ತನ್ನ ಮುಖ ತಿಳಿಯಾಗುತ್ತ ಹೋಗುವುದನ್ನು ನೋಡಿದಳು. ತನ್ನ ಮುಂಗೈಯನ್ನು ಸ್ಕ್ರೀನಿಗೆ ತಾಗುವಂತೆ ಹಿಡಿದು ಎರಡನ್ನೂ ಹೋಲಿಸಿದಳು. ಏನೂ ಹೇಳಲಿಲ್ಲ, ಕೈ ಹಿಂದಕ್ಕೆ ಎಳೆದುಕೊಂಡಳು. ಆ ಹುಡುಗಿಗೆ ಏನು ಅನ್ನಿಸಿರಬೇಕು ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಅವಳ ಬಣ್ಣ ಸರಿಯಿಲ್ಲ ಎಂದು ಅವಳಿಗೆ ಕಣ್ಣಾರೆ ತೋರಿಸಿಕೊಟ್ಟವನು ನಾನು.

ಹಳೆಯ ಫೈಲುಗಳನ್ನು ತೆಗೆದು ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಅರ್ಧಕ್ಕರ್ಧ ಫೋಟೋಗಳಲ್ಲಿ ಮಕ್ಕಳ ಮುಖಕ್ಕೆ ಬೆಳಕೇ ಸಾಲುತ್ತಿರಲಿಲ್ಲ. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಒಟ್ಟಾರೆ ನಡುವಣ ಬೂದು ಬಣ್ಣದ್ದು ಎಂದು ಎಣಿಸುತ್ತದೆ. ಹಿಂದೆ ಬಿಳಿ ಪರದೆ, ಮೈಮೇಲೆ ಬಿಳಿ ಫ್ರಾಕ್ ಇದ್ದರೆ ಬೆಳಕು ಜಾಸ್ತಿಯಾಯಿತೆಂದು ತಾನೇ ಎಕ್ಸ್‌ಪೋಷರ್ ಇಳಿಸುತ್ತದೆ. ಆಗ ಮಂಕಾಗುವುದು ಮುಖ. ನಾನು ಎಲ್‌ಇಡಿ ಲೈಟ್ ಹಚ್ಚಿ, ಕ್ಯಾಮೆರಾವನ್ನು ಆಟೋಗೆ ಬಿಟ್ಟು ತೆಗೆಯುತ್ತಿದ್ದೆ. ತಾಯಂದಿರು "ಕಪ್ಪಾಗಿ ಬಂದಿದೆ" ಅಂದದ್ದರಲ್ಲಿ ಬಹಳಷ್ಟು ನಿಜವೇ ಇತ್ತು. ಮಗು ಕಂಡಂತೆ ಫೋಟೋ ಬಂದಿರಲಿಲ್ಲ. ಬಣ್ಣದ ರೀಲಿನ ಕಾಲದಲ್ಲೂ ಇಂಥದೇ ತೊಂದರೆಯಿತ್ತು. ಲ್ಯಾಬಿನವರು ಮೈಬಣ್ಣ ಸರಿಮಾಡಿಕೊಳ್ಳಲು ಬಳಸುತ್ತಿದ್ದ ಕೊಡಾಕ್ ಕಂಪನಿಯ 'ಷರ್ಲಿ ಕಾರ್ಡ್'ಗಳಲ್ಲಿ ದಶಕಗಳ ಕಾಲ ಬಿಳಿಯ ಹೆಂಗಸರ ಚಿತ್ರವೇ ಇರುತ್ತಿತ್ತು. ನಮ್ಮ ಮಕ್ಕಳ ಮೈಬಣ್ಣ ಆ ಲೆಕ್ಕದಲ್ಲಿ ಇರಲೇ ಇಲ್ಲ.

ಈಗ ಮೀಟರನ್ನು ಮುಖಕ್ಕೆ ಹಿಡಿಯುತ್ತೇನೆ, ದೊಡ್ಡ ಸಾಫ್ಟ್‌ಬಾಕ್ಸನ್ನು ಹತ್ತಿರ ತರುತ್ತೇನೆ, ಎರಡು ಕಣ್ಣಲ್ಲೂ ಬೆಳಕಿನ ಚುಕ್ಕೆ ಬಂತೇ ಎಂದು ನೋಡಿಕೊಳ್ಳುತ್ತೇನೆ. ಅಂಥ ಫೋಟೋ ಮುಂದಿಟ್ಟರೆ ಬೆಳ್ಳಗೆ ಮಾಡಿ ಎನ್ನುವವರು ಕಡಿಮೆ. ಹಟ ಹಿಡಿಯುವವರಿಗೆ ಇದೊಂದು ನನ್ನಿಂದ ಆಗುವುದಿಲ್ಲ ಎನ್ನುತ್ತೇನೆ. ಕೆಲವರು ಬೇರೆ ಸ್ಟುಡಿಯೋಕ್ಕೆ ಹೋಗಿದ್ದಾರೆ.

3. ಹಸುಗೂಸಿಗಿಂತ ಫೋಟೋ ದೊಡ್ಡದಲ್ಲ

ಗದ್ದವನ್ನು ತನ್ನ ಅಂಗೈಗಳ ಮೇಲೆ ಊರಿಕೊಂಡು ನಿದ್ದೆಹೋದ ಹಸುಗೂಸಿನ ಚಿತ್ರ ನೀವೂ ನೋಡಿರುತ್ತೀರಿ. ಅದು ಒಂದೇ ಫೋಟೋ ಅಲ್ಲ. ಒಂದರಲ್ಲಿ ದೊಡ್ಡವರೊಬ್ಬರು ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಮುಂಗೈಗಳನ್ನು. ಆಮೇಲೆ ಎರಡನ್ನೂ ಜೋಡಿಸಿ ಹಿಡಿದ ಕೈಗಳನ್ನು ಅಳಿಸುತ್ತಾರೆ. ಇದು ತಿಳಿಯದೆ ನಾನು ಮಗುವನ್ನು ಹಾಗೆಯೇ ಕೂರಿಸಲು ಹೋದೆ. ಕತ್ತು ವಾಲಿತು. ಪಕ್ಕದಲ್ಲಿದ್ದ ಅಜ್ಜಿ ತಟ್ಟನೆ ಹಿಡಿದುಕೊಂಡರು. ನೆನೆದರೆ ಇಂದಿಗೂ ಮೈ ಜುಂ ಎನ್ನುತ್ತದೆ. ಜೋಡಿಸುವುದನ್ನು ಆಮೇಲೆ ಕಲಿತೆ, ಆದರೂ ಆ ಭಂಗಿಯನ್ನು ಬಿಟ್ಟೇಬಿಟ್ಟಿದ್ದೇನೆ.

ಹುಟ್ಟಿದ ಎರಡು ವಾರದೊಳಗೆ ಫೋಟೋ ತೆಗೆಯಬೇಕು ಎಂಬ ಹೊರದೇಶದವರ ಪಾಠವೂ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಬಾಣಂತಿ, ಕೂಸು ಹೊಸ್ತಿಲು ದಾಟುವುದು ತಡ. ಮುಸ್ಲಿಮರ ಮನೆಗಳಲ್ಲೂ ನಲವತ್ತು ದಿನ ಕಾಯುತ್ತಾರೆ. ಹಾಗಾಗಿ ನಾನೇ ಮನೆಗೆ ಹೋಗುತ್ತೇನೆ, ಫ್ಲ್ಯಾಷ್ ಒಯ್ಯದೆ, ಕಿಟಕಿಯ ಬೆಳಕು ನಂಬಿಕೊಂಡು.

4. ಕ್ಯಾಮೆರಾ ಹಿಂದೆ ಯಾರಿದ್ದಾರೆ ಎಂಬುದು ಲೆಕ್ಕಕ್ಕೆ ಬರುತ್ತದೆ

ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ 1892ರಲ್ಲಿ ಈ ಊರಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದಿದ್ದರು. ನಡೆಸುತ್ತಿದ್ದವರು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಈ ಕಥೆಯನ್ನು ನಾನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ನನ್ನ ಸ್ಟುಡಿಯೋದಲ್ಲಿ ತಾಯಂದಿರು ಮಗುವಿಗೆ ಹಾಲು ಕುಡಿಸಲು ಜಾಗವಿಲ್ಲದೆ ಮೆಟ್ಟಿಲ ಬಳಿ ಗೋಡೆಗೆ ಮುಖಮಾಡಿ ಕೂರುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಸಿದ ಮಗು ಅಳುತ್ತಿತ್ತು, ಅತ್ತು ಊದಿದ ಕಣ್ಣು ಕೆನ್ನೆಗಳನ್ನು ನಾನು ರಾತ್ರಿ ಕೂತು ತಿದ್ದುತ್ತಿದ್ದೆ. ಈಗ ಮೂಲೆಯಲ್ಲಿ ಪರದೆ ಕಟ್ಟಿದ ಜಾಗವಿದೆ. ಫೋಟೋ ತೆಗೆಯಲು ಒಬ್ಬ ಹೆಣ್ಣುಮಗಳೂ ಇದ್ದಾಳೆ. ಅವಳು ತೆಗೆದ ಫೋಟೋಗಳಲ್ಲಿ ತಾಯಂದಿರ ಭುಜ ಸಡಿಲವಾಗಿರುತ್ತದೆ, ನನ್ನವುಗಳಲ್ಲಿ ಬಿಗಿಯಾಗಿರುತ್ತದೆ.

5. ಪಾಸ್‌ಪೋರ್ಟ್ ಫೋಟೋಗೆ ಬ್ರಷ್ ತಾಗಿಸಬಾರದು

ದೊಡ್ಡವರ ಫೋಟೋ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದು ಮನೆಯವರೇ ಒಯ್ಯಬೇಕು, ಬಿಳಿ ಹಿನ್ನೆಲೆಯಲ್ಲಿ. ಅಮೆರಿಕದ ವೀಸಾಕ್ಕೆ ಎರಡಿಂಚು ಚೌಕ, ಸಾಫ್ಟ್‌ವೇರಿನಿಂದ ಮುಖ ತಿದ್ದುವಂತಿಲ್ಲ. ಅಭ್ಯಾಸಬಲದಿಂದ ಒಂದು ಮಗುವಿನ ಕೆನ್ನೆ ನಯ ಮಾಡಿ ಕೊಟ್ಟು, ಫೋಟೋ ತಿರಸ್ಕಾರವಾಗಿ, ಆ ಕುಟುಂಬ ಮತ್ತೊಮ್ಮೆ ಓಡಾಡುವಂತಾಯಿತು. ಕೂರಲು ಬಾರದ ಕೂಸನ್ನು ಬಿಳಿ ಬೆಡ್‌ಶೀಟಿನ ಮೇಲೆ ಮಲಗಿಸಿ, ನೆರಳು ಬೀಳದಂತೆ ಮೇಲಿನಿಂದ ತೆಗೆದರೆ ಸಾಕು.

6. ಕೇಳದೆ ಷೋಕೇಸಿಗೆ ಹಾಕಬಾರದು

ಕೃಷ್ಣವೇಷದ ಒಂದು ಮಗುವಿನ ಫೋಟೋ ಚೆನ್ನಾಗಿ ಬಂತೆಂದು ರಸ್ತೆಗೆ ಕಾಣುವಂತೆ ಹಾಕಿದ್ದೆ. ತಂದೆ ನೋಡಿ ಒಳಗೆ ಬಂದು, ತೆಗೆಯಿರಿ ಎಂದರು. ಅವರ ಕಾರಣ ಅವರಿಗಿತ್ತು, ನಾನು ಕೇಳಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟರೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಈಗ ಬಿಲ್ಲಿನ ಜೊತೆಗೇ ಒಪ್ಪಿಗೆ ಚೀಟಿ ಇಟ್ಟಿದ್ದೇನೆ. ಮಾತು ತಿಳಿಯುವ ವಯಸ್ಸಿನ ಮಕ್ಕಳನ್ನೂ ಕೇಳುತ್ತೇನೆ. ಮಗು ಬೇಡ ಅಂದರೆ ಅಪ್ಪ ಹೂಂ ಅಂದರೂ ಹಾಕುವುದಿಲ್ಲ.

7. ತಿದ್ದದ ಫೈಲನ್ನು ಎಂದೂ ಅಳಿಸಬಾರದು

ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬನ ಬಾಯಿಗೆ, ಮನೆಯವರು ಕೇಳಿದರೆಂದು, ಬೇರೆ ಫೋಟೋದಿಂದ ಹಲ್ಲು ತಂದು ಕೂರಿಸಿದ್ದೆ. ಕೆಲಸ ಅಚ್ಚುಕಟ್ಟಾಗಿತ್ತು, ಎಲ್ಲರೂ ಹೊಗಳಿದರು. ಕೆಲವು ವರ್ಷಗಳ ಮೇಲೆ ಅವನ ತಾಯಿ ಬಂದು, "ಅಣ್ಣಾ, ಹಲ್ಲಿಲ್ಲದ್ದು ಅದೇನು? ಹಂಗ ನಗೋದು ನೋಡಬೇಕನಸ್ತದ" ಎಂದರು. ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲದೆ ಮೂಲ ಫೈಲುಗಳನ್ನು ಅಳಿಸಿದ್ದೆ. ಅವರ ಮನೆಯಲ್ಲೂ ಆ ತಿಂಗಳುಗಳ ಬೇರೆ ಒಳ್ಳೆಯ ಫೋಟೋ ಇರಲಿಲ್ಲ.

ಗಾಜಿನ ನೆಗೆಟಿವ್ ಕಾಲದವರೂ ತಿದ್ದುತ್ತಿದ್ದರು. ಗಾಜನ್ನು ಬೆಳಕಿಗೆ ಹಿಡಿದು, ಸುಕ್ಕು ಬಿದ್ದ ಕಡೆ ಚೂಪಾದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೆರೆ ಎಳೆದರೆ ಪ್ರಿಂಟಿನಲ್ಲಿ ಆ ಸುಕ್ಕು ತಿಳಿಯಾಗುತ್ತಿತ್ತು. ಆದರೆ ಗಾಜನ್ನು ಜೋಪಾನ ಮಾಡಿದರು. ದೀನ್ ದಯಾಳರು ತೀರಿಕೊಂಡದ್ದು 1905ರಲ್ಲಿ. ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ನನ್ನ ಫೈಲು ಕೆಲವು ವರ್ಷವೂ ಉಳಿಯಲಿಲ್ಲ.

ಈಗ ಮೂಲ ಫೈಲುಗಳು ಎರಡು ಡಿಸ್ಕಿನಲ್ಲಿರುತ್ತವೆ, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆಯಲ್ಲಿ. ಪ್ರತಿ ಆರ್ಡರಿನ ಲಕೋಟೆಯಲ್ಲೂ ಏನೂ ತಿದ್ದದ ಒಂದು ಪ್ರಿಂಟ್ ಸೇರಿಸುತ್ತೇನೆ, ಅದಕ್ಕೆ ದುಡ್ಡು ಹಾಕುವುದಿಲ್ಲ. ಈಚೆಗೆ ಕೆಲವರು ಅದನ್ನೇ ದೊಡ್ಡದು ಮಾಡಿಕೊಡಿ ಎಂದು ವಾಪಸ್ ತರುತ್ತಾರೆ.