ನಾಯಿಯನ್ನು ಗಾಡಿಯಲ್ಲಿ ಕರೆದೊಯ್ಯುವುದು ಹೇಗೆ?



ಮರಿಗೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷವೂ ಹಾಕಿಸಬೇಕು. ಇದು ನಮಗೆಲ್ಲ ಗೊತ್ತು. ಆದರೆ ದೂರದ ಪಶು ಆಸ್ಪತ್ರೆಗೆ ನಾಯಿಯನ್ನು ಹೇಗೆ ಕರೆದುಕೊಂಡು ಹೋಗಬೇಕು?

ಹೋದ ವರ್ಷ ನಮ್ಮ ಕರಿಯನನ್ನು ಟೆಂಪೋದಲ್ಲಿ ಕರೆದೊಯ್ದೆವು. ಕೊರಳಿಗೆ ಉದ್ದ ಹಗ್ಗ ಹಾಕಿ ಕಂಬಿಗೆ ಕಟ್ಟಿದ್ದೆವು. ದಾರಿಯಲ್ಲಿ ಲಾರಿಯೊಂದು ಜೋರಾಗಿ ಹಾರನ್ ಹೊಡೆಯಿತು. ಕರಿಯ ಹೆದರಿ ಹೊರಕ್ಕೆ ಜಿಗಿದೇಬಿಟ್ಟ. ಹಗ್ಗದಲ್ಲಿ ನೇತಾಡತೊಡಗಿದ! ಅಜ್ಜ ಕೂಗಿಕೊಂಡರು. ಡ್ರೈವರ್ ಮಾಮ ತಕ್ಷಣ ಗಾಡಿ ನಿಲ್ಲಿಸಿ ಅವನನ್ನು ಎತ್ತಿ ಹಿಡಿದದ್ದರಿಂದ ಜೀವ ಉಳಿಯಿತು. ಆ ಹಗ್ಗ ಕಟ್ಟಿದವನು ನಾನೇ. ಅದಕ್ಕೇ ಇದನ್ನು ಬರೆದಿದ್ದೇನೆ.

ನಮ್ಮ ಹಾಗೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ಅದು ಬಾಯಿ ತೆರೆದು, ನಾಲಿಗೆ ಚಾಚಿ ತೇಕುತ್ತಾ ಮೈಯ ಬಿಸಿ ಕಳೆದುಕೊಳ್ಳುತ್ತದೆ. ಕಚ್ಚೀತೆಂದು ದಾರಿಯುದ್ದಕ್ಕೂ ಬಾಯಿಗೆ ಬಟ್ಟೆ ಬಿಗಿದರೆ ಬಿಸಿ ಹೊರಗೆ ಹೋಗುವುದಾದರೂ ಹೇಗೆ?

ನೆನಪಿಡಬೇಕಾದ ಅಂಶಗಳು:

1. ಹೊರಡುವ 3–4 ಗಂಟೆ ಮೊದಲಿನಿಂದ ಊಟ ಹಾಕಬೇಡಿ, ವಾಂತಿಯಾಗುತ್ತದೆ. ನೀರು ಕೊಡಬಹುದು.

2. ಕೊರಳಿಗೆ ಹಗ್ಗ ಕಟ್ಟುವ ಬದಲು ಎದೆಯ ಸುತ್ತ ಬರುವ ಅಗಲ ಪಟ್ಟಿ ಹಾಕಿ. ಹಗ್ಗ ಚಿಕ್ಕದಿರಲಿ. ನಾಯಿಗೆ ಮಲಗಲು ಸಾಕಾಗಬೇಕು, ಗಾಡಿಯ ಅಂಚು ಸಿಗಬಾರದು.

3. ಬಿಸಿಲಿಗೆ ಗಾಡಿಯ ತಗಡು ಕಾಯುತ್ತದೆ. ಗೋಣಿಚೀಲ ಹಾಸಿ. ಪರಿಚಯದವರೊಬ್ಬರು ಪಕ್ಕದಲ್ಲೇ ಕೂರಬೇಕು.

4. ಬೆಳಗಿನ ತಂಪು ಹೊತ್ತಿನಲ್ಲಿ ಹೊರಡಿ. ದೂರದ ದಾರಿಯಾದರೆ ನಡುವೆ ನಿಲ್ಲಿಸಿ ನೀರು ಕುಡಿಸಿ.

5. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟು ಹೋಗಲೇಬಾರದು. ಹತ್ತೇ ನಿಮಿಷದಲ್ಲಿ ಒಳಗಿನ ಶಾಖ ಸುಮಾರು 10 ಡಿಗ್ರಿ ಏರಬಹುದು. ಕಿಟಕಿ ಸ್ವಲ್ಪ ತೆರೆದಿಟ್ಟರೂ ಸಾಲದು.

6. ವಿಪರೀತ ತೇಕುತ್ತಾ, ಜೊಲ್ಲು ಸುರಿಸುತ್ತಾ ತೂರಾಡಿದರೆ ನೆರಳಿಗೆ ತಂದು ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ. ಕೂಡಲೇ ಡಾಕ್ಟರಿಗೆ ತೋರಿಸಿ.

ಪ್ರಾಣಿಗಳಿಗೆ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಇರಲಿ ಬಿಡಲಿ, ನೋವಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಲು ಅದಕ್ಕೆ ಬರುವುದಿಲ್ಲವಲ್ಲ.

ಈ ವರ್ಷ ಕರಿಯ ಗೋಣಿಚೀಲದ ಮೇಲೆ, ಅಜ್ಜನ ಕಾಲಿಗೆ ಒರಗಿಕೊಂಡು ಆಸ್ಪತ್ರೆಗೆ ಹೋಗಿ ಬಂದ. ಹಗ್ಗ ನನ್ನ ಕೈಯಲ್ಲೇ ಇತ್ತು.